ಮದುವೆ ಕ್ಯಾಸೆಟ್ ಡಿಜಿಟಲ್ ಮಾಡಲು ಯಾವ ಲ್ಯಾಪ್‌ಟಾಪ್? ಮಾತು–ಚಿತ್ರ ತಾಳ ತಪ್ಪುತ್ತಿದೆ

ಹಾಸನ್_ಹುಡುಗ:
ಸಾಕಾಗಿ ಹೋಗಿದೆ. ಅಪ್ಪ ಅಮ್ಮನ ಮದುವೆ, ಅಕ್ಕನ ನಾಮಕರಣ, ಊರ ಜಾತ್ರೆ, ಎಲ್ಲ ಕ್ಯಾಸೆಟ್‌ನಲ್ಲೇ ಇದೆ. ಕಂಪ್ಯೂಟರಿಗೆ ಹಾಕಿಕೊಳ್ಳೋಣ ಅಂತ ಕೂತರೆ ಶುರುವಿನಲ್ಲಿ ಎಲ್ಲ ಚೆನ್ನಾಗಿರುತ್ತದೆ. ಧಾರೆ ಬರುವ ಹೊತ್ತಿಗೆ ಪುರೋಹಿತರ ಬಾಯಿ ಒಂದು ಕಡೆ, ಮಂತ್ರ ಇನ್ನೊಂದು ಕಡೆ. ನಡುನಡುವೆ ಪರದೆ ನೀಲಿ ಆಗಿಬಿಡುತ್ತದೆ. ನನ್ನ ಲ್ಯಾಪ್‌ಟಾಪ್ ಹಳೆಯದು, ಅದಕ್ಕೆ ಎಳೆಯಲು ಆಗುತ್ತಿಲ್ಲ. 60 ಸಾವಿರದ ಒಳಗೆ ಒಳ್ಳೆಯದು ಯಾವುದಿದೆ? ಗ್ರಾಫಿಕ್ಸ್ ಕಾರ್ಡ್ ಬೇಕಾ?

ರೈಜನ್_ರಾಜ:
ಕಣ್ಣು ಮುಚ್ಚಿಕೊಂಡು ರೈಜನ್ 5 ತಗೊಳ್ಳಿ. 16 ಜಿಬಿ ರ‍್ಯಾಮ್, 512 ಎಸ್‌ಎಸ್‌ಡಿ. 8 ಜಿಬಿ ಇದ್ದರೆ ವಿಡಿಯೊ ಕೆಲಸಕ್ಕೆ ಕೈ ಹಾಕಲೇಬೇಡಿ.

ಟೇಪ್_ತಾತ:
ಲ್ಯಾಪ್‌ಟಾಪ್ ಆಮೇಲೆ ನೋಡೋಣ. ವಿಸಿಆರ್ ಯಾವುದು? ನಡುವೆ ಯಾವ ಡಬ್ಬ ಇದೆ? ಯಾವ ಸಾಫ್ಟ್‌ವೇರ್? ಅದೇ ಕ್ಯಾಸೆಟ್ ಟಿವಿಯಲ್ಲಿ ಸರಿಯಾಗಿ ಬರುತ್ತದಾ?

ಕೋರ್_ಕುಮಾರ:
ರೈಜನ್ ಲ್ಯಾಪ್‌ಟಾಪಿನಲ್ಲಿ ಯುಎಸ್‌ಬಿ ತಕರಾರು ಇರುತ್ತದೆ. ಕ್ಯಾಪ್ಚರ್‌ಗೆ, ಅಂದರೆ ಚಿತ್ರವನ್ನು ಕಂಪ್ಯೂಟರಿಗೆ ಹಿಡಿಯಲು, ಇಂಟೆಲ್ಲೇ ಒಳ್ಳೆಯದು.

ರೈಜನ್_ರಾಜ:
ಅದು ಯಾವುದೋ ಕಾಲದ ಡೆಸ್ಕ್‌ಟಾಪ್ ಬೋರ್ಡಿನ ಕಥೆ. ಸುಮ್ನೆ ಹೆದರಿಸಬೇಡಿ. ನಾನು ಎರಡು ಮಾನಿಟರ್ ಇಟ್ಟುಕೊಂಡು 4ಕೆ ಎಡಿಟ್ ಮಾಡುತ್ತೇನೆ, ಫ್ಯಾನ್ ಸದ್ದು ಸಹ ಬರಲ್ಲ.

ಕೋರ್_ಕುಮಾರ:
4ಕೆ ಎಡಿಟ್‌ಗೂ ಈ ಹಳೇ ವಿಎಚ್‌ಎಸ್ ಕ್ಯಾಸೆಟ್‌ಗೂ ಏನು ಸಂಬಂಧ ಗುರು?

ಹಾಸನ್_ಹುಡುಗ:
ಜಗಳ ಬಿಟ್ಟು ಮಾಡೆಲ್ ಹೇಳಿ ಸ್ವಾಮಿ. ಶನಿವಾರ ಅಂಗಡಿಗೆ ಹೋಗುವವನಿದ್ದೇನೆ. ತಾತ, ವಿಸಿಆರ್ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ತಂದದ್ದು. ಟಿವಿಯಲ್ಲಿ ಚೆನ್ನಾಗಿಯೇ ಓಡುತ್ತದೆ, ಅದರದ್ದೇನೂ ತೊಂದರೆ ಇಲ್ಲ.

ಎಚ್‌ಡಿ_ಮಂಜ:
ಹಳದಿ–ಬಿಳಿ–ಕೆಂಪು ವೈರ್ ನೇರ ಹಾಕುವುದೇ ತಪ್ಪು. ಎವಿಯಿಂದ ಎಚ್‌ಡಿಎಂಐ ಮಾಡುವ ಡಬ್ಬ ಸಿಗುತ್ತದೆ. ಅದರ ಮುಂದೆ ಎಚ್‌ಡಿಎಂಐ ಕ್ಯಾಪ್ಚರ್ ಹಾಕಿ. 1080 ಬರುತ್ತದೆ, ಪಕ್ಕಾ ಕ್ಲಿಯರ್.

ಟೇಪ್_ತಾತ:
ಮಂಜಣ್ಣ, ವಿಎಚ್‌ಎಸ್‌ನಲ್ಲಿ ಅಡ್ಡಕ್ಕೆ ಇರುವ ವಿವರವೇ ಸುಮಾರು 240 ಗೆರೆ. ಇಲ್ಲದ ವಿವರ ಆ ಡಬ್ಬ ಎಲ್ಲಿಂದ ತರುತ್ತದೆ? ನಮ್ಮ ಕಡೆಯ ಟಿವಿ ಪದ್ಧತಿ ಪಾಲ್, ಸೆಕೆಂಡಿಗೆ 50 ಫೀಲ್ಡ್. ಫೀಲ್ಡ್ ಅಂದರೆ ಅರ್ಧ ಚಿತ್ರ, ಎರಡು ಸೇರಿದರೆ ಒಂದು ಫ್ರೇಮ್. ಅಗ್ಗದ ಡಬ್ಬಗಳು ಬಹಳಷ್ಟು ಅದನ್ನು 60ಕ್ಕೆ ಎಳೆದು, ಚಿತ್ರವನ್ನೂ ಅಗಲ ಮಾಡಿ ಕಳಿಸುತ್ತವೆ. ಮದುಮಗಳು ದಪ್ಪ ಕಾಣಿಸುತ್ತಾಳೆ. 720 × 576ರಲ್ಲಿ, ಫೀಲ್ಡ್ ಎರಡನ್ನೂ ಕಲಸದೆ ಹಾಗೇ ಹಿಡಿಯಿರಿ. ಫೀಲ್ಡ್‌ಗಳನ್ನು ಪೂರ್ತಿ ಚಿತ್ರ ಮಾಡುವ ಡೀಇಂಟರ್ಲೇಸ್ ಎಲ್ಲ ಆಮೇಲಿನ ಕೆಲಸ.

ಎಚ್‌ಡಿ_ಮಂಜ:
ನಮ್ಮ ಮನೆಯಲ್ಲಿ ಹಾಗೇ ಮಾಡಿದ್ದು, 55 ಇಂಚಿನ ಟಿವಿಯಲ್ಲಿ ಸೂಪರ್ ಆಗಿ ಬರುತ್ತದೆ.

ಹಾಸನ್_ಹುಡುಗ:
ತಾತ, ನಡುವಿನ ಡಬ್ಬ ಅಂದರೆ ಯುಎಸ್‌ಬಿ ಡಾಂಗಲ್, ಆನ್‌ಲೈನ್‌ನಲ್ಲಿ ತರಿಸಿದ್ದು, 900 ರೂಪಾಯಿ. ಅದರ ಮೇಲೆ ಹೆಸರೇ ಇಲ್ಲ. ಸಾಫ್ಟ್‌ವೇರ್ ವರ್ಚುವಲ್‌ಡಬ್, ಅದರಲ್ಲಿ ಗುಣಮಟ್ಟ ಕೆಡಿಸದೆ ಕಂಪ್ರೆಸ್ ಮಾಡುವ ಹಫ್‌ವೈಯುವಿ ಹಾಕಿ ಹಿಡಿಯುತ್ತಿದ್ದೇನೆ. ಲ್ಯಾಪ್‌ಟಾಪಿನಲ್ಲಿ ಜಾಗ ಇಲ್ಲ, ಹಾಗಾಗಿ ಹೊರಗಿನ ಹಾರ್ಡ್ ಡಿಸ್ಕಿಗೆ. ಪೋರ್ಟ್ ಒಂದೇ ಸರಿ ಇರುವುದು, ಡಾಂಗಲ್ಲೂ ಡಿಸ್ಕೂ ಒಂದೇ ಹಬ್‌ನಲ್ಲಿ.

ಟೇಪ್_ತಾತ:
ಇದನ್ನು ಮೊದಲೇ ಹೇಳಬಾರದಿತ್ತಾ!

ಲೆಕ್ಕ ಹಾಕಿ. 720 × 576, ಪಿಕ್ಸೆಲ್‌ಗೆ 2 ಬೈಟ್, ಸೆಕೆಂಡಿಗೆ 25 ಫ್ರೇಮ್. ಸುಮಾರು 20 ಎಂಬಿ. ಅಷ್ಟೂ ಕಂಪ್ರೆಸ್ ಆಗದೆ ಡಾಂಗಲ್‌ನಿಂದ ಒಂದೇ ಸಮ ಬರುತ್ತಿರುತ್ತದೆ. ಹಬ್ ಯುಎಸ್‌ಬಿ 2 ಆಗಿದ್ದರೆ ಅದರ ದಾರಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಇದಕ್ಕೇ ಹೋಯಿತು. ಡಿಸ್ಕಿಗೆ ಬರೆಯುವುದೂ ಅದೇ ದಾರಿಯಲ್ಲಿ. ಒಂಟಿ ಹಳಿಯಲ್ಲಿ ಎರಡು ರೈಲು ಬಿಟ್ಟ ಹಾಗೆ. ಮೊದಲು ಲ್ಯಾಪ್‌ಟಾಪಿನ ಒಳಗೆ 50 ಜಿಬಿ ಖಾಲಿ ಮಾಡಿ. ಹಫ್‌ವೈಯುವಿ ಗಂಟೆಗೆ 30–40 ಜಿಬಿ ತಿನ್ನುತ್ತದೆ. ಒಂದು ಗಂಟೆ ಒಳಗೇ ಹಿಡಿದು, ಆಮೇಲೆ ಹೊರಗಿನ ಡಿಸ್ಕಿಗೆ ಹಾಕಿಕೊಳ್ಳಿ.

ಇನ್ನೊಂದು ಪರೀಕ್ಷೆ. ವಿಸಿಆರ್ ಬಿಚ್ಚಿಟ್ಟು, ಅದೇ ಡಾಂಗಲ್‌ಗೆ ಡಿವಿಡಿ ಪ್ಲೇಯರ್ ಕೊಟ್ಟು ಒಂದು ಗಂಟೆ ಹಿಡಿಯಿರಿ. ಮನೆಯಲ್ಲಿ ಮಾಡಿದ ಡಿವಿಡಿ ಹಾಕಿ. ಅಂಗಡಿಯ ಸಿನಿಮಾ ಡಿವಿಡಿಯಲ್ಲಿ ಕಾಪಿ ತಡೆ ಇದ್ದರೆ ಪರೀಕ್ಷೆ ಕೆಡುತ್ತದೆ. ಡ್ರಾಪ್ ಆದ, ಅಂದರೆ ಹಿಡಿಯದೆ ಬಿಟ್ಟುಹೋದ ಫ್ರೇಮ್ ಎಷ್ಟು ಅಂತ ವರ್ಚುವಲ್‌ಡಬ್ ಬಲಗಡೆ ತೋರಿಸುತ್ತದೆ, ಬರೆದುಕೊಳ್ಳಿ.

ಫೈರ್‌ವೈರ್_ಭಟ್ರು:
ಇಷ್ಟೆಲ್ಲ ಯಾಕೆ? ನನ್ನ ಹತ್ತಿರ ವಿಂಡೋಸ್ ಎಕ್ಸ್‌ಪಿ ಡೆಸ್ಕ್‌ಟಾಪ್ ಇನ್ನೂ ಇದೆ. ಕ್ಯಾಮೆರಾ ಜೋಡಿಸಲು ಫೈರ್‌ವೈರ್ ಕಾರ್ಡ್, ಡಿಜಿಟಲ್8 ಟೇಪ್ ಕ್ಯಾಮೆರಾ. ವಿಸಿಆರ್ ವೈರ್ ಕ್ಯಾಮೆರಾಕ್ಕೆ, ಕ್ಯಾಮೆರಾದಿಂದ ಡಿವಿ ಅನ್ನುವ ಡಿಜಿಟಲ್ ರೂಪದಲ್ಲಿ ಕಂಪ್ಯೂಟರಿಗೆ. ಗಂಟೆಗೆ ಬರೀ 13 ಜಿಬಿ. ಮಾತು–ಚಿತ್ರ ಕ್ಯಾಮೆರಾದಲ್ಲೇ ಕಟ್ಟಿಕೊಂಡು ಬರುತ್ತದೆ, ತಾಳ ತಪ್ಪುವ ಮಾತೇ ಇಲ್ಲ. ಹೈ8 ಕ್ಯಾಸೆಟ್ಟೂ ಅದರಲ್ಲೇ ಓಡುತ್ತದೆ. ಪಕ್ಕದಲ್ಲಿ ಎರಡು ಎಸ್-ವಿಎಚ್‌ಎಸ್ ಡೆಕ್, ಒಂದು ಬೀಟಾಮ್ಯಾಕ್ಸ್. ಫೋಟೊ ಬೇಕಿದ್ದರೆ ಹಾಕುತ್ತೇನೆ.

ಕೋರ್_ಕುಮಾರ:
ಡಿವಿಯಲ್ಲಿ ಬಣ್ಣ ಹೋಗುತ್ತದೆ ಭಟ್ರೇ. ಪಾಲ್ ಡಿವಿ 4:2:0, ಅಂದರೆ ಬಣ್ಣದ ವಿವರ ಕಡಿಮೆ ಇಟ್ಟುಕೊಳ್ಳುವ ರೀತಿ.

ಫೈರ್‌ವೈರ್_ಭಟ್ರು:
ವಿಎಚ್‌ಎಸ್‌ನಲ್ಲಿ ಬಣ್ಣದ ವಿವರ ಅಡ್ಡಕ್ಕೆ 40 ಗೆರೆ ಇದ್ದರೆ ಹೆಚ್ಚು. ಇಲ್ಲದ್ದು ಹೋಗುವುದು ಹೇಗೆ?

ಕೋರ್_ಕುಮಾರ:
ಅದು ಅಡ್ಡಕ್ಕೆ. 4:2:0 ಉದ್ದಕ್ಕೂ ಕತ್ತರಿಸುತ್ತದೆ.

ಫೈರ್‌ವೈರ್_ಭಟ್ರು:
ನಿಮ್ಮ ಕ್ಯಾಪ್ಚರ್ ಒಂದು ಹಾಕಿ ನೋಡೋಣ, ನನ್ನದೂ ಹಾಕುತ್ತೇನೆ. ಜನ ಹೇಳಲಿ.

ಡಲ್ಲಾಸ್_ಡೈರಿ:
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾವಿರುವುದು ಅಮೆರಿಕದಲ್ಲಿ. ಅತ್ತೆ ಊರಿಂದ ಕ್ಯಾಸೆಟ್ ತಂದಿದ್ದಾರೆ. ಇಲ್ಲಿ ಹಳೇ ಸಾಮಾನಿನ ಅಂಗಡಿಯಿಂದ ವಿಸಿಆರ್ ತಂದು ಹಾಕಿದರೆ ಬರೀ ಗೆರೆ, ಚಿತ್ರವೇ ನಿಲ್ಲುವುದಿಲ್ಲ. ನಾನೂ ಲ್ಯಾಪ್‌ಟಾಪ್ ಬದಲಾಯಿಸಬೇಕಾ?

ಟೇಪ್_ತಾತ:
ಬೇಡಮ್ಮ. ಅಲ್ಲಿನ ವಿಸಿಆರ್ ಅಮೆರಿಕದ ಎನ್‌ಟಿಎಸ್‌ಸಿ ಪದ್ಧತಿಯದು, ನಿಮ್ಮ ಕ್ಯಾಸೆಟ್ ಪಾಲ್. ಟೇಪ್ ಓಡುವ ವೇಗವೇ ಬೇರೆ: ಪಾಲ್‌ನಲ್ಲಿ ಸೆಕೆಂಡಿಗೆ 23.39 ಮಿ.ಮೀ., ಅಲ್ಲಿ 33.35. ಕಂಪ್ಯೂಟರಿನಲ್ಲಿ ಏನು ಮಾಡಿದರೂ ಇದು ಸರಿಹೋಗದು. ಎರಡೂ ಓದುವ ಮಲ್ಟಿಸಿಸ್ಟಂ ವಿಸಿಆರ್ ಹುಡುಕಿ, ಇಲ್ಲ ಊರಿಗೆ ಬಂದಾಗ ಇಲ್ಲೇ ಮಾಡಿಸಿ. ಹೊಸ ವಿಸಿಆರ್ ಎಲ್ಲೂ ಸಿಗುವುದಿಲ್ಲ. ಜಪಾನಿನ ಫುನಾಯ್ 2016ರಲ್ಲೇ ತಯಾರಿಕೆ ನಿಲ್ಲಿಸಿತು.

ಹಾಸನ್_ಹುಡುಗ:
ಡಿವಿಡಿ ಹಾಕಿ ನೋಡಿದೆ. ಒಳಗಿನ ಡಿಸ್ಕಿಗೆ, ಹಬ್ ಇಲ್ಲದೆ. ಡ್ರಾಪ್ ಸೊನ್ನೆ, ಮಾತು ಕೊನೇವರೆಗೂ ಸರಿ. ಅದೇ ರೀತಿ ಮದುವೆ ಕ್ಯಾಸೆಟ್ ಹಾಕಿದರೆ ಮೊದಲಿಗಿಂತ ಎಷ್ಟೋ ವಾಸಿ. ಆದರೆ ಸೀನ್ ಬದಲಾಗುವ ಕಡೆಯೆಲ್ಲ ಫ್ರೇಮ್ ಬೀಳುತ್ತದೆ, ನೀಲಿ ಪರದೆಯೂ ಅಲ್ಲೇ. ಟಿವಿಯಲ್ಲಿ ಅದೇ ಜಾಗ ಸ್ವಲ್ಪ ಅಲುಗಾಡಿ ಮುಂದೆ ಹೋಗುತ್ತದೆ, ಅಷ್ಟೇ. ಹಾಗಾದರೆ ಲ್ಯಾಪ್‌ಟಾಪ್ ಬೇಡ್ವಾ?

ರೈಜನ್_ರಾಜ:
ಹಳೇ ಪ್ರೊಸೆಸರ್ ಸೀನ್ ಚೇಂಜ್‌ನಲ್ಲಿ ಸುಸ್ತಾಗುತ್ತದೆ. ನಾನು ಹೇಳಿದ್ದು ಅದನ್ನೇ.

ಟೇಪ್_ತಾತ:
ರಾಜಣ್ಣ, ಡಿವಿಡಿಯಲ್ಲೂ ಸೀನ್ ಬದಲಾಗುತ್ತದೆ ಅಲ್ವಾ? ಅಲ್ಲಿ ಸುಸ್ತಾಗದ್ದು ಇಲ್ಲಿ ಯಾಕೆ?

ಹುಡುಗ, ನಿಮ್ಮ ಕೈಯಲ್ಲಿರುವುದು ಕ್ಯಾಮೆರಾದ ಮೂಲ ಟೇಪ್ ಅಲ್ಲ. ಆ ಕಾಲದಲ್ಲಿ ಸ್ಟುಡಿಯೊದವರು ಎರಡು ವಿಸಿಆರ್ ಇಟ್ಟು ಕತ್ತರಿಸಿ ಅಂಟಿಸಿ, ಹೂವಿನ ಗ್ರಾಫಿಕ್ಸ್ ಹಾಕಿ, ಅದರ ಕಾಪಿ ಕೊಡುತ್ತಿದ್ದರು. ಜೋಡಿಸಿದ ಕಡೆಯೆಲ್ಲ ಸಿಂಕ್, ಅಂದರೆ ಗೆರೆಗಳಿಗೆ ಹೊತ್ತು ಹೇಳುವ ಸಂಕೇತ, ಸಡಿಲ. ಟಿವಿ ಅದನ್ನು ಸಹಿಸಿಕೊಳ್ಳುತ್ತದೆ, 900 ರೂಪಾಯಿ ಡಾಂಗಲ್ ಸಹಿಸುವುದಿಲ್ಲ. ಗೆರೆಗಳು ಹೊತ್ತಿಗೆ ಸರಿಯಾಗಿ ಬರದಿದ್ದರೆ ಫ್ರೇಮನ್ನೇ ಬಿಟ್ಟುಬಿಡುತ್ತದೆ. ಚಿತ್ರ ಕಡಿಮೆ ಆಯಿತು, ಮಾತು ಪೂರ್ತಿ ಉಳಿಯಿತು, ತಾಳ ತಪ್ಪಿತು.

ವಿಸಿಆರ್‌ಗೂ ಡಾಂಗಲ್‌ಗೂ ನಡುವೆ ಸಿಂಕ್ ಸರಿಮಾಡುವ ಸಾಧನ ಬೇಕು. ಟೈಮ್ ಬೇಸ್ ಕರೆಕ್ಟರ್ ಅಂತ ಪ್ರತ್ಯೇಕ ಪೆಟ್ಟಿಗೆಯೇ ಇದೆ, ಬೆಲೆ ಕೇಳಿದರೆ ಲ್ಯಾಪ್‌ಟಾಪೇ ಅಗ್ಗ ಅನಿಸುತ್ತದೆ. ಬಡವರ ದಾರಿ ಅಂದರೆ ಪ್ಯಾನಾಸೋನಿಕ್ ಡಿಎಂಆರ್-ಇಎಸ್10 ಅಥವಾ ಇಎಸ್15 ಡಿವಿಡಿ ರೆಕಾರ್ಡರ್. ಡಿಸ್ಕ್ ಹಾಕುವುದೇ ಬೇಡ, ಡ್ರೈವ್ ಕೆಟ್ಟಿದ್ದರೂ ಪರವಾಗಿಲ್ಲ. ಸಿಗ್ನಲ್ ಒಳಗೆ ಹೋಗಿ ಹೊರಗೆ ಬಂದರೆ ಸಾಕು. ಪಾಲ್ ಮಾಡೆಲ್ಲೇ ಆಗಬೇಕು. ಜೊತೆಗೆ ಚಿಪ್ ಯಾವುದು ಅಂತ ಗೊತ್ತಿರುವ ಒಂದು ಒಳ್ಳೆಯ ಡಾಂಗಲ್. 60 ಸಾವಿರ ಉಳಿಸಿಕೊಳ್ಳಿ.

ಎಚ್‌ಡಿ_ಮಂಜ:
ವಿಸಿಆರ್‌ನಲ್ಲಿ ಟೇಪ್ ಓದುವ ಹೆಡ್ ಕ್ಲೀನ್ ಮಾಡಿದ್ದಾರಾ ಅಂತ ಯಾರೂ ಕೇಳಲಿಲ್ಲ. ಕಿವಿಗೆ ಹಾಕುವ ಹತ್ತಿಕಡ್ಡಿಯಲ್ಲಿ ಉಜ್ಜಿದರೆ ಸಾಕು.

ಟೇಪ್_ತಾತ:
ಅಯ್ಯೋ, ಹತ್ತಿಕಡ್ಡಿ ಬೇಡ! ಎಳೆ ಸಿಕ್ಕಿಕೊಂಡರೆ ಹೆಡ್ಡೇ ಮುರಿಯುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ನೆನೆಸಿದ ಬಿಳಿ ಕಾಗದ ಹೆಡ್ ಕೂತಿರುವ ಡ್ರಮ್‌ಗೆ ಮೆಲ್ಲಗೆ ಒತ್ತಿ ಹಿಡಿದು, ಡ್ರಮ್ಮನ್ನು ಇನ್ನೊಂದು ಕೈಯಲ್ಲಿ ತಿರುಗಿಸಿ. ಮೇಲೆ ಕೆಳಗೆ ಉಜ್ಜಲೇಬೇಡಿ.

ಹಾಸನ್_ಹುಡುಗ:
ರೆಕಾರ್ಡರ್ ಹುಡುಕುತ್ತೇನೆ. ಇನ್ನೊಂದು ವಿಷಯ. ಜಾತ್ರೆ ಕ್ಯಾಸೆಟ್‌ನ ಕಿಟಕಿಯಲ್ಲಿ ನೋಡಿದರೆ ಸುರುಳಿ ಮೇಲೆ ಬಿಳಿ ಪುಡಿ ಕೂತಿದೆ. ಅದು ಸಕಲೇಶಪುರದ ಮನೆ ಅಟ್ಟದಲ್ಲಿ ಇತ್ತು. ಹಾಗೇ ಓಡಿಸಬಹುದಾ?

ಟೇಪ್_ತಾತ:
ಬೇಡ. ಅದು ಬೂಷ್ಟು. ವಿಸಿಆರ್‌ಗೆ ಹಾಕಿದರೆ ಹೆಡ್‌ಗೆ ಮೆತ್ತಿಕೊಂಡು ಉಳಿದ ಕ್ಯಾಸೆಟ್‌ಗಳಿಗೂ ಹರಡುತ್ತದೆ. ಬೇರೆ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ತೆಗೆಯುವುದು ಹೇಗೆ ಅಂತ ಬೇರೆ ಎಳೆ ಶುರು ಮಾಡಿ, ಅದು ದೊಡ್ಡ ಕಥೆ. ಮಾಸ್ಕ್ ಹಾಕಿಕೊಂಡೇ ಮುಟ್ಟಿ.

ಫೈರ್‌ವೈರ್_ಭಟ್ರು:
ನನ್ನ ಹತ್ತಿರ ಇಎಸ್10 ಎರಡು ಇವೆ. ಒಂದರ ಡ್ರೈವ್ ಸತ್ತಿದೆ. ಕೊಡುವುದಿಲ್ಲ, ಶಿರಸಿಗೆ ಬಂದರೆ ಇಲ್ಲೇ ಕೂತು ಮಾಡಿಕೊಂಡು ಹೋಗಬಹುದು.

ಡಲ್ಲಾಸ್_ಡೈರಿ:
ಭಟ್ರೇ, ಡಿಸೆಂಬರ್‌ನಲ್ಲಿ ನಾವೂ ಬರಬಹುದಾ? ಕ್ಯಾಸೆಟ್ ಒಂದು ಚೀಲ ಇದೆ.