ದರಿಯಾ ದೌಲತ್‌ಗೆ ಹೊರಟಿರುವ ಪುಟ್ಟಿಗೆ ದೊಡ್ಡಮ್ಮನ ಮಾತು

ಪುಟ್ಟಿ, ನಿನ್ನೆ ರಾತ್ರಿ ನೀನು ಕೇಳಿದ ಪ್ರಶ್ನೆಗೆ ಗ್ರೂಪಿನಲ್ಲಿ ಒಬ್ಬರೂ ಉತ್ತರ ಕೊಡದೆ ಬರೀ ಕೈಮುಗಿಯುವ ಚಿತ್ರ ಹಾಕಿ ಮಲಗಿದ್ದನ್ನು ನೋಡಿ ನಾನೇ ಹೇಳಲು ಕುಳಿತಿದ್ದೇನೆ. ಕನ್ನಡಕ ರಿಪೇರಿಗೆ ಹೋಗಿದೆಯಾದ್ದರಿಂದ ಹೇಳುವುದು ನಾನು, ಟೈಪ್ ಮಾಡುವುದು ಮೊಮ್ಮಗಳು. ಉದ್ದವಾಯಿತೆಂದು ಯಾರೂ ಬೇಸರಿಸಬಾರದು. ಶನಿವಾರ ನಿನ್ನ ಅತ್ತೆಯವರನ್ನೂ ಮಕ್ಕಳನ್ನೂ ಶ್ರೀರಂಗಪಟ್ಟಣದಲ್ಲಿರುವ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್‌ಗೆ ಕರೆದುಕೊಂಡು ಹೋಗಬೇಕೆಂದಿದ್ದೀಯೆ. ಮಂಡಿಯ ಆಪರೇಷನ್ ಆದವರು ಅಷ್ಟು ದೂರ ನಡೆದಾರೆಯೇ, ಬಿಸಿಲಿಗೆ ತಲೆ ಸುತ್ತಿದರೆ ಏನು ಗತಿ, ಸುಮ್ಮನೆ ಬೇಡವೆಂದುಬಿಡಲೇ ಎಂದು ಕೇಳಿದ್ದೀಯೆ. ಬೇಡವೆನ್ನಬೇಡ, ಕರೆದುಕೊಂಡು ಹೋಗು. ಆದರೆ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೋ: ದರಿಯಾ ದೌಲತ್ತನ್ನು ದಿನದ ಕೊನೆಗೆ ಇಟ್ಟುಕೊಳ್ಳಬೇಡ.

ಯಾಕೆ ಹೀಗೆ ಹೇಳುತ್ತಿದ್ದೇನೆಂದು ಕಡೂರಿನ ಅಕ್ಕನನ್ನು ಬಲ್ಲವರಿಗೆ ಬೇರೆ ಹೇಳಬೇಕಾಗಿಲ್ಲ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಡಂ ಆಗಿದ್ದವಳು. ಚಿಕ್ಕಂದಿನಲ್ಲಿ ನಮ್ಮ ಹಜಾರದ ಗೋಡೆಯ ಮೇಲೆ ಇದ್ದಿಲಿನಿಂದ ಆನೆ ಬರೆದು ಅಮ್ಮನ ಕೈಲಿ ಬೈಸಿಕೊಂಡವಳು. ಅಲ್ಲಿಯ ಗೋಡೆಯ ಮೇಲಿರುವ ಪೊಲ್ಲಿಲೂರಿನ ಯುದ್ಧದ ಚಿತ್ರವನ್ನು ಒಮ್ಮೆ ಕಣ್ಣಾರೆ ನೋಡಬೇಕೆಂಬುದು ಅವಳ ಬಹುಕಾಲದ ಆಸೆ. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರ ಹೈದರಾಲಿಯೂ ಟಿಪ್ಪುವೂ ಕರ್ನಲ್ ಬೈಲಿಯ ಇಂಗ್ಲಿಷ್ ಪಡೆಯನ್ನು ಮುರಿದ ಯುದ್ಧವದು. ನಾಲ್ಕು ವರ್ಷದ ಮೇಲೆ, 1784ರಲ್ಲಿ, ಕಾವೇರಿಯ ಮಗ್ಗುಲಲ್ಲಿ ಬೇಸಿಗೆಗೆಂದು ಈ ಮರದ ಮನೆಯನ್ನು ಕಟ್ಟಿಸಿದ ಟಿಪ್ಪು, ಪಶ್ಚಿಮದ ಗೋಡೆಯ ತುಂಬ ಅದನ್ನೇ ಬರೆಸಿದ. ಚೌಕ ಕಟ್ಟಿ ನಿಂತ ಕೆಂಪು ಕೋಟಿನ ಸಿಪಾಯಿಗಳು, ಅವರ ನಡುವೆ ಪಲ್ಲಕ್ಕಿಯಲ್ಲಿ ಗಾಯಗೊಂಡು ಕುಳಿತ ಬೈಲಿ, ಸಿಡಿಯುತ್ತಿರುವ ಮದ್ದಿನ ಬಂಡಿ, ಒಂದು ಪಕ್ಕದಲ್ಲಿ ದುರ್ಬೀನನ್ನು ಕಣ್ಣಿಗೆ ಹಿಡಿದಿರುವ ಫ್ರೆಂಚ್ ಅಧಿಕಾರಿ ಲಾಲಿ. ಗೋಡೆಯ ಇನ್ನೊಂದು ಭಾಗದಲ್ಲಿ ಹೈದರನೂ ಟಿಪ್ಪುವೂ ಸೈನ್ಯ ಸಮೇತ ಆನೆ ಕುದುರೆಗಳೊಡನೆ ಹೊರಟಿದ್ದಾರೆ. ಇದನ್ನೆಲ್ಲ ಅಕ್ಕ ಪುಸ್ತಕದ ಬೆರಳಗಲದ ಫೋಟೋದಲ್ಲಿ ಭೂತಗನ್ನಡಿ ಇಟ್ಟು ನೋಡಿದ್ದಳು.

ಅವಳ ಆಸೆ ತೀರಿಸುತ್ತೇನೆಂದು ಭಾವನ ತಮ್ಮನ ಮಗ ಟೆಂಪೋ ಟ್ರಾವೆಲರ್ ಮಾಡಿದ. ಒಳ್ಳೆಯ ಹುಡುಗನೇ, ಇಲ್ಲವೆನ್ನುವುದಿಲ್ಲ. ಆದರೆ ಮೊಬೈಲಿನಲ್ಲಿ ಒಂದು ಪಟ್ಟಿ ಮಾಡಿಕೊಂಡು ಬಂದಿದ್ದ: ಮೊದಲು ರಂಗನಾಥನ ದರ್ಶನ, ಆಮೇಲೆ ನಿಮಿಷಾಂಬ, ಸಂಗಮದಲ್ಲಿ ತೆಪ್ಪ, ಟಿಪ್ಪುವಿನ ಸಮಾಧಿಯಿರುವ ಗುಂಬಜ್, ಊಟ, ರಂಗನತಿಟ್ಟಿನಲ್ಲಿ ದೋಣಿ, ಎಲ್ಲ ಮುಗಿದ ಮೇಲೆ ‘ದಾರಿಯಲ್ಲೇ ಸಿಗುತ್ತದೆ’ ಎಂದು ದರಿಯಾ ದೌಲತ್. ಯಾರನ್ನು ನೆವ ಮಾಡಿಕೊಂಡು ಹೊರಟರೋ ಅವರು ನೋಡಬೇಕೆಂದದ್ದನ್ನೇ ಪಟ್ಟಿಯ ತುದಿಗೆ ನೂಕಿದ್ದ. ಶ್ರಾವಣ ಮಾಸ, ಮೋಡ ಕವಿದ ಸಂಜೆ. ಗೇಟಿನೊಳಗೆ ಕಾಲಿಟ್ಟಾಗ ಮುಚ್ಚುವ ಹೊತ್ತು ಹತ್ತಿರವಾಗಿತ್ತು. ಗೇಟಿನಿಂದ ಮನೆಯವರೆಗೆ ತೋಟದ ನಡುವೆ ನೇರವಾದ ಉದ್ದ ದಾರಿ, ಎರಡೂ ಬದಿಗೆ ಹುಲ್ಲುಹಾಸು, ಗೋಪುರದಂತೆ ಕತ್ತರಿಸಿ ನಿಲ್ಲಿಸಿದ ಮರಗಳ ಸಾಲು. ಆರಾಮವಾಗಿ ಬಂದವರಿಗೆ ಅದೇ ಅರ್ಧ ಸಂತೋಷ. ಅಕ್ಕ ಕೋಲು ಊರಿಕೊಂಡು ಆ ದಾರಿಯನ್ನು ಓಡುನಡಿಗೆಯಲ್ಲಿ ಬಂದಳು. ಹಿಂದಿನಿಂದ ಡ್ರೈವರ್ ಫೋನಿನ ಮೇಲೆ ಫೋನು ಮಾಡುತ್ತಿದ್ದ.

ಬಿಸಿಲಿಗೆ ಮಳೆಗೆ ಬಣ್ಣ ಹೋಗಬಾರದೆಂದು ಆ ಮನೆಯ ಮೊಗಸಾಲೆಯ ಸುತ್ತ ಹಸಿರು ಪರದೆಗಳನ್ನು ಇಳಿಬಿಟ್ಟಿರುತ್ತಾರೆ. ಅದು ಸರಿಯೇ, ಇನ್ನೂರು ವರ್ಷ ದಾಟಿದ ಚಿತ್ರವನ್ನು ಹಾಗೆಯೇ ಕಾಪಾಡಬೇಕು. ಆದರೆ ಮೋಡದ ಸಂಜೆಯಲ್ಲಿ ಪರದೆಯ ಒಳಗೆ ಏನು ಕಂಡೀತು? ಅಕ್ಕನಿಗೆ ಕಂಡದ್ದು ಕೆಳಸಾಲಿನ ಕುದುರೆಗಳ ಕಾಲು, ಅಷ್ಟೇ. ಲಾಲಿ ಎಲ್ಲಿ, ಬೈಲಿ ಎಲ್ಲಿ ಎಂದು ಮೂಗು ತಾಗುವಷ್ಟು ಹತ್ತಿರ ಬಗ್ಗಿದವಳನ್ನು ಕಾವಲಿನವರು ‘ಗೋಡೆ ಮುಟ್ಟಬೇಡಿ, ಟೈಮ್ ಆಯ್ತು ಅಮ್ಮಾ’ ಎಂದು ಹೊರಡಿಸಿದರು. ಅವರ ಕೆಲಸ ಅವರು ಮಾಡಿದರು. ಮುಂದಿನ ವರ್ಷವೇ ಅಕ್ಕನ ಕಣ್ಣಿಗೆ ಗ್ಲಾಕೋಮಾ ಎಂದರು. ಮತ್ತೆ ಹೋಗುವ ಮಾತು ಅಲ್ಲಿಗೆ ನಿಂತಿತು. ಅದಕ್ಕೇ ಮತ್ತೊಮ್ಮೆ ಹೇಳುತ್ತೇನೆ, ನಿನ್ನ ಗಂಡನಿಗೂ ಓದಿ ಹೇಳು: ದರಿಯಾ ದೌಲತ್ತನ್ನು ಕೊನೆಗೆ ಇಟ್ಟುಕೊಳ್ಳಬೇಡಿ. ಗುಂಬಜ್ ಕೊನೆಗಿರಲಿ, ಸಂಗಮ ತಪ್ಪಿದರೂ ತಪ್ಪಲಿ.

ಆ ಗೋಡೆ ಉಳಿದು ಬಂದದ್ದೇ ಒಂದು ಸೋಜಿಗ. 1799ರಲ್ಲಿ ಟಿಪ್ಪು ಮಡಿದು ಪಟ್ಟಣ ಇಂಗ್ಲಿಷರ ಕೈಸೇರಿದ ಮೇಲೆ ಈ ಮನೆಯಲ್ಲಿ ವಾಸ ಮಾಡಿದವನು ಕರ್ನಲ್ ಆರ್ಥರ್ ವೆಲ್ಲೆಸ್ಲಿ, ಮುಂದೆ ನೆಪೋಲಿಯನ್ನನನ್ನು ಸೋಲಿಸಿದನಲ್ಲ, ಅವನೇ. ತಮ್ಮವರು ಸೋತ ಯುದ್ಧದ ಚಿತ್ರ ತಾನಿರುವ ಮನೆಯ ಗೋಡೆಯ ಮೇಲಿದ್ದರೂ ಅಳಿಸಲಿಲ್ಲ, ಮಾಸಿದ್ದನ್ನು ರಿಪೇರಿ ಮಾಡಿಸಿದ. ಮತ್ತೆ ಅದು ಹಾಳಾಗಿದ್ದಾಗ 1850ರ ದಶಕದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಬಂದು ನೋಡಿ ಪುನಃ ಬರೆಸಿದ. ಸೋತವರಿಗೆ ಆ ಗೋಡೆಯ ಬೆಲೆ ಗೊತ್ತಿತ್ತು. ಕೋಟೆಯೊಳಗಿದ್ದ ಟಿಪ್ಪುವಿನ ದೊಡ್ಡ ಅರಮನೆಗೆ ಮಾತ್ರ ಆ ಪುಣ್ಯವಿರಲಿಲ್ಲ. ಅದನ್ನು ಬಿಚ್ಚಿಹಾಕಿದರು, ಈಗ ಉಳಿದಿರುವುದು ಅಡಿಪಾಯದ ಗುರುತು. ಟಿಪ್ಪುವಿನ ಅರಮನೆಯ ತೊಲೆಗಳು 1830ರ ಸುಮಾರಿಗೆ ಊಟಿಯಲ್ಲಿ ಕಟ್ಟಿದ ಸೇಂಟ್ ಸ್ಟೀಫನ್ಸ್ ಚರ್ಚಿಗೆ ಹೋದವು. ಬೆಟ್ಟ ಹತ್ತಿಸಿ ಸಾಗಿಸಿದ ಆ ಮರ ಇಂದಿಗೂ ಆ ಚರ್ಚಿನ ಸೂರನ್ನು ಹೊತ್ತು ನಿಂತಿದೆ.

ನಮ್ಮ ಊರಿನ ತೊಟ್ಟಿಮನೆಯ ಕಂಬಗಳು ಎಲ್ಲಿ ನಿಂತಿವೆಯೆಂದು ಈ ಗ್ರೂಪಿನಲ್ಲಿ ಯಾರಾದರೂ ಹೇಳಬಲ್ಲಿರಾ? ಒಂದು ಮಧ್ಯಾಹ್ನದಲ್ಲಿ ಲಾರಿ ತಂದು ತೊಟ್ಟಿಯ ಕಂಬ, ಬೋದಿಗೆ, ತಲೆಬಾಗಿಲು ಎಲ್ಲವನ್ನೂ ಹಳೆಮರದ ವ್ಯಾಪಾರಿಗೆ ಏರಿಸಿ ಕಳಿಸಿದಿರಿ. ಯಾವುದೋ ರೆಸಾರ್ಟಿನ ಕೈತೊಳೆಯುವ ಜಾಗದಲ್ಲಿವೆಯೆಂದು ಕೇಳಿದ್ದೇನೆ. ಪಾಲಿನ ಕಾಗದಕ್ಕೆ ಹೆಣ್ಣುಮಕ್ಕಳ ಸಹಿ ಬೇಕಾದಾಗ ಮನೆಗೇ ಹುಡುಕಿಕೊಂಡು ಬಂದಿರಿ. ಕಂಬ ಕೀಳುವಾಗ ಒಂದು ಫೋನು ಮಾಡಲಿಲ್ಲ. ಅಕ್ಕ ಆನೆ ಬರೆದ ಗೋಡೆಯೂ ಜೆಸಿಬಿಗೆ ಹೋಯಿತು. ದರಿಯಾ ದೌಲತ್ತಿನ ಮೊಗಸಾಲೆಯಲ್ಲಿ ಬಣ್ಣ ಬಳಿದ ಆ ತೇಗದ ಕಂಬಗಳ ಸಾಲನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಮ್ಯೂಸಿಯಂ ನೋಡಲು ಟಿಕೆಟ್ ಕೊಟ್ಟು ಹೋಗುತ್ತೀರಿ. ಮನೆಯಲ್ಲಿದ್ದದ್ದನ್ನು ತೂಕದ ಲೆಕ್ಕದಲ್ಲಿ ಕೊಟ್ಟಿರಿ. ಮೊಮ್ಮಗಳು ಇದನ್ನು ಅಳಿಸಲೇ ಎಂದು ಕೇಳುತ್ತಿದ್ದಾಳೆ. ಬೇಡ, ಇರಲಿ, ಓದಲಿ.

ಅಯ್ಯೋ, ಪುಟ್ಟಿ ಕೇಳಿದ್ದು ಅತ್ತೆಯ ಮಂಡಿಯ ವಿಚಾರ.

ಬೆಳಿಗ್ಗೆ ಗೇಟು ತೆರೆಯುವ ಹೊತ್ತಿಗೆ ಅಲ್ಲಿರುವಂತೆ ಹೊರಡಿ. ಬಿಸಿಲು ಏರಿರುವುದಿಲ್ಲ, ಶಾಲೆಯ ಮಕ್ಕಳ ಬಸ್ಸುಗಳೂ ಬಂದಿರುವುದಿಲ್ಲ. ದೇವಸ್ಥಾನ ಆಮೇಲಾದರೂ ಆಗುತ್ತದೆ. ರಂಗನಾಥ ಬೇಸರ ಮಾಡಿಕೊಳ್ಳುವ ದೇವರಲ್ಲ. ತೋಟದ ದಾರಿ ಸಮತಟ್ಟಾಗಿದೆ, ಹತ್ತುವ ಇಳಿಯುವ ಕಷ್ಟವಿಲ್ಲ. ಅತ್ತೆಯವರು ನಿಂತು ನಿಂತು ನಡೆಯಲಿ, ಅವಸರ ಮಾಡಬೇಡ, ಕೊಡೆ ಹಿಡಿದುಕೊಳ್ಳಲಿ. ಮನೆ ನಿಂತಿರುವುದು ಎತ್ತರದ ಜಗತಿಯ ಮೇಲೆ. ಆ ಮೆಟ್ಟಿಲುಗಳ ಹತ್ತಿರ ಮಾತ್ರ ನಿನ್ನ ಗಂಡ ತೋಳು ಹಿಡಿದುಕೊಳ್ಳಲಿ. ಆಪರೇಷನ್ ಆಗದ ಕಾಲನ್ನು ಮೊದಲು ಮೇಲಿಡಬೇಕು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ನನ್ನ ಮಂಡಿಗೆ ಫಿಸಿಯೋಥೆರಪಿಯವರು ಕಲಿಸಿದ್ದೂ ಹಾಗೆಯೇ. ಮಹಡಿಯ ಗೊಡವೆ ಅವರಿಗೆ ಬೇಡ. ನೋಡಬೇಕಾದದ್ದೆಲ್ಲ ಕೆಳಗಿನ ಗೋಡೆಗಳಲ್ಲೇ ಇದೆ. ಪಶ್ಚಿಮದ ಗೋಡೆಯಲ್ಲಿ ಯುದ್ಧ ನೋಡಿ, ಪೂರ್ವದ ಕಡೆಗೆ ಬಂದರೆ ಅಲ್ಲಿ ರಾಜರ ದರ್ಬಾರುಗಳು. ಮಾಗಡಿ ಕೆಂಪೇಗೌಡ, ಚಿತ್ರದುರ್ಗದ ಮದಕರಿ ನಾಯಕ ಅಲ್ಲಿದ್ದಾರೆ. ಅತ್ತೆಯವರು ಚಿತ್ರದುರ್ಗದ ಕಡೆಯವರಲ್ಲವೇ, ಅದನ್ನು ಖಂಡಿತ ತೋರಿಸು. ಮಕ್ಕಳಿಗೆ ಲಾಲಿಯ ದುರ್ಬೀನನ್ನು ಹುಡುಕಲು ಹೇಳಿ ಬಿಡು. ಒಳ್ಳೆಯ ಹೊತ್ತು ಸದ್ದಿಲ್ಲದೆ ಇರುತ್ತಾರೆ. ಗೋಡೆಗೆ ಕೈ ತಾಗಿಸಬಾರದೆಂದು ಮೊದಲೇ ತಾಕೀತು ಮಾಡು. ಒಳಗೆ ಫೋಟೋ ತೆಗೆಯಬಾರದು, ತೋಟದಲ್ಲಿ ಎಷ್ಟು ಬೇಕಾದರೂ ತೆಗೆದುಕೊಳ್ಳಿ. 15 ವರ್ಷದೊಳಗಿನ ಮಕ್ಕಳಿಗೆ ಪುರಾತತ್ತ್ವ ಇಲಾಖೆಯವರು ಟಿಕೆಟ್ ಕೇಳುವುದಿಲ್ಲ.

ಬೆಂಗಳೂರಿನಿಂದ ಹೊಸ ಹೆದ್ದಾರಿಯಲ್ಲಿ ಬಂದರೆ ಶ್ರೀರಂಗಪಟ್ಟಣದ ಬೈಪಾಸ್ ಊರನ್ನು ಬಳಸಿಕೊಂಡು ಹೋಗಿಬಿಡುತ್ತದೆ, ಮೈಸೂರು ಮುಟ್ಟಿ ಹಿಂದಕ್ಕೆ ಬರಬೇಕಾಗುತ್ತದೆ. ಊರಿಗೆ ಇಳಿಯುವ ದಾರಿಯನ್ನು ಡ್ರೈವರಿಗೆ ಹಿಂದಿನ ರಾತ್ರಿಯೇ ನೆನಪಿಸಿರಲಿ. ದರಿಯಾ ದೌಲತ್ ಕೋಟೆಯ ಹೊರಗೆ, ಗುಂಬಜಿಗೆ ಹೋಗುವ ರಸ್ತೆಯಲ್ಲಿ ಇದೆ. ಅತ್ತೆಯವರ ಮಾತ್ರೆ ಕಾರಿನಲ್ಲಿರಬಾರದು, ನಿನ್ನ ಕೈಚೀಲದಲ್ಲಿರಬೇಕು. ಮೊಸರನ್ನದ ಡಬ್ಬಿ ಕಾರಿನಲ್ಲೇ ಇರಲಿ, ನೋಡಿ ಮುಗಿದ ಮೇಲೆ ಎಲ್ಲಾದರೂ ನೆರಳಿನಲ್ಲಿ ಕುಳಿತು ತಿನ್ನಿ. ಹೊರಟ ಮೇಲೆ ಗ್ರೂಪಿನಲ್ಲಿ ಹಾಕಬೇಡ, ನನಗೆ ಫೋನು ಮಾಡು. ಶನಿವಾರ ಮೊಮ್ಮಗಳು ಟ್ಯೂಷನ್ನಿಗೆ ಹೋಗಿರುತ್ತಾಳೆ, ಓದಿ ಹೇಳುವವರು ಇರುವುದಿಲ್ಲ.