ಅಜ್ಜಾರ ಕೋಲ್ಟ್ 1903 ಪಿಸ್ತೂಲಿಗೆ ತುಕ್ಕು ಹಿಡದೈತಿ, ರೀಬ್ಲೂಯಿಂಗ್ ಮಾಡಸ್ಲೇನು?

ಕೋಥ್ರೂಡ್ ಕನ್ನಡಿಗ:
ನಮಸ್ಕಾರ್ರೀ, ನಾವು ಧಾರವಾಡದವ್ರು, ಪುಣೆದಾಗ ಇರ್ತೀವಿ. ಅಜ್ಜಾರ .32 ಪಿಸ್ತೂಲ್ ಈಗ ನನ್ನ ಲೈಸೆನ್ಸಿನ ಮ್ಯಾಲೈತಿ. ಮಳಿಗಾಲ ಮುಗದ ಮ್ಯಾಲೆ ತೊಗಲಿನ ಹೋಲ್‌ಸ್ಟರಿಂದ ತಗದು ನೋಡಿದ್ರ ಸ್ಲೈಡಿನ (ಮ್ಯಾಲೆ ಹಿಂದ ಮುಂದ ಸರಿಯೋ ಭಾಗ) ಬಲಕ್ಕ ಸಾಸಿವಿಕಾಳಿನಷ್ಟು ಕಂದು ಚುಕ್ಕಿ, ಹೊಟ್ಟಿ ಚುರ್ ಅಂತು. ರೀಬ್ಲೂಯಿಂಗ್, ಅಂದ್ರ ಉಕ್ಕಿನ ಮ್ಯಾಲಿನ ಕಪ್ಪು-ನೀಲಿ ಬಣ್ಣ ಪೂರಾ ಹೊಸದು ಮಾಡ್ಸಿ, ಹಿಡಿಕಿಯ ಗ್ರಿಪ್ಪೂ ಬದಲಿ ಮಾಡಸ್ಲೇನು?

ಡೊಂಬಿವಲಿ ಭಟ್ರು:
ದಯವಿಟ್ಟು ರೀಬ್ಲೂಯಿಂಗ್ ಬೇಡ. ಪಾಲಿಶ್ ಮಾಡುವಾಗ ಸ್ಲೈಡಿನ ಅಂಚು, ಅಕ್ಷರ ಎಲ್ಲ ಸವೆದು ಹೋಗ್ತದೆ, ಹಳೇ ಬ್ಲೂಯಿಂಗ್ ಒಮ್ಮೆ ಹೋದ್ರೆ ಮತ್ತೆ ಬರೂದಿಲ್ಲ, ಸೀರಿಯಲ್ ನಂಬರ್ ಅಳಿಸಿದ್ರಂತೂ ಆರ್ಮ್ಸ್ ಆಕ್ಟ್ ಪ್ರಕಾರ ಅಪರಾಧ. ಚುಕ್ಕಿಗೆ ಎಣ್ಣೆ ಹಾಕಿ ಒಂದು ರಾತ್ರಿ ಬಿಟ್ಟು ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಅಷ್ಟೇ. ತೊಗಲಿನಲ್ಲಿ ಇಡ್ಲೇಬೇಡಿ, ಅದು ತೇವ ಹಿಡಿದಿಡ್ತದೆ. ನಾನು ಲಾಕರಿನಲ್ಲಿ ತೇವ ಹೀರುವ ಸಿಲಿಕಾ ಜೆಲ್ ಇಟ್ಟು, ಅದನ್ನ ತಿಂಗಳಿಗೊಮ್ಮೆ ಒಣಗಿಸ್ತೇನೆ, ಇಲ್ಲಿ ಉಪ್ಪುಗಾಳಿ ಬೇರೆ.

ಬೆಳಗಾವಿ ಮಾವ:
ಭಟ್ರ ಮಾತು ಖರೇ. ಹಳೇ ಗ್ರಿಪ್ ಒಡದಿದ್ರ ಬ್ಯಾರೆ ಹಾಕ್ರಿ, ಆದ್ರ ಅಸಲಿದು ಒಗೀಬ್ಯಾಡ್ರಿ. ಮೊದಲು ರಿಕಾಯಿಲ್ ಸ್ಪ್ರಿಂಗ್ (ಗುಂಡು ಹಾರಿದಾಗ ಹಿಂದ ಬರೋ ಸ್ಲೈಡ್ ತಡಿಯೋದು) ಬದಲಿ ಮಾಡಸ್ರಿ, ಅದು ಸಡಿಲಾದ್ರ ಸ್ಲೈಡ್ ಜೋರಾಗಿ ಹಿಂದ ಬಡದು ಫ್ರೇಮಿಗೆ ಪೆಟ್ಟು. ಲೈಸೆನ್ಸ್ ಇರೋ ಬಂದೂಕಿನ ಅಂಗಡಿಯವರ ಕಡೇನ ಒಯ್ರಿ. ಮತ್ತೊಂದು, ಜಾನ್ ಬ್ರೌನಿಂಗ್ ಡಿಸೈನ್ ಮಾಡಿದ ಈ ಪಿಸ್ತೂಲಿನ ಹಳೇ ಮಾಡೆಲ್‌ನಾಗ ಮ್ಯಾಗಜಿನ್ ಸೇಫ್ಟಿ ಇಲ್ಲ, ಮ್ಯಾಗಜಿನ್ (ಗುಂಡು ತುಂಬೋ ಡಬ್ಬಿ) ತಗದ್ರೂ ಚೇಂಬರಿನಾಗ (ನಳಿಗಿ ಹಿಂದ ಗುಂಡು ಕೂಡೋ ಜಾಗ) ಉಳದ ಗುಂಡು ಹಾರ್ತೈತಿ. ಒರಸೂ ಮೊದ್ಲ ಮ್ಯಾಗಜಿನ್ ತಗದು, ಆಮ್ಯಾಲೆ ಸ್ಲೈಡ್ ಎಳದು ಚೇಂಬರ್ ಕಣ್ಣಲೇ ನೋಡ್ರಿ, ಬಟ್ಟು ಹಾಕಿ ಮುಟ್ರಿ.

ಕೋಥ್ರೂಡ್ ಕನ್ನಡಿಗ:
ಭಾಳ ಉಪಕಾರಾತ್ರಿ ಇಬ್ಬರಿಗೂ. ಹೋಲ್‌ಸ್ಟರ್ ಈಗಷ್ಟ ಬ್ಯಾರೆ ಕಪಾಟಿಗೆ ಹೋತು.