ಐದೂವರೆ ಶ್ರುತಿಗೆ ಓಪನ್ ಜಿ ಟ್ಯೂನಿಂಗ್: ಎರಡನೇ ತಂತಿಯನ್ನು ಏನು ಮಾಡಲಿ?

ಮೈಸೂರ್_ಮೈದುನ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನವರಾತ್ರಿಗೆ ನಮ್ಮ ಬಡಾವಣೆಯ ಗುಡಿಯಲ್ಲಿ ಅತ್ತಿಗೆ ಹಾಡುತ್ತಾರೆ. ಈ ಸಲ ತಂಬೂರಿ ಹಿಡಿಯುವವರು ಯಾರೂ ಇಲ್ಲ. ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಕಂಡರೆ ಅವರಿಗೆ ಆಗುವುದಿಲ್ಲ. "ನೀನು ಗಿಟಾರ್ ತಗೊಂಡು ಪಕ್ಕದಲ್ಲಿ ಕೂತ್ಕೋ, ಆದ್ರೆ ನಿನ್ನ ಕಾರ್ಡು ಗೀರ್ಡು ಬೇಡ" ಅಂತ ಷರತ್ತು ಹಾಕಿದ್ದಾರೆ.

ಅವರ ಶ್ರುತಿ ಐದೂವರೆ, ಅಂದರೆ ಜಿ ಶಾರ್ಪ್. ಅದಕ್ಕೇ ಓಪನ್ ಜಿ (ಬೆರಳಿಡದೆ ಮೀಟಿದರೂ ಜಿ ಕಾರ್ಡ್ ಬರುವ ಟ್ಯೂನಿಂಗ್) ಮಾಡಿಕೊಂಡು ಮೊದಲನೇ ಫ್ರೆಟ್ಟಿಗೆ ಕೇಪೋ (ಎಲ್ಲ ತಂತಿಯನ್ನೂ ಒಟ್ಟಿಗೆ ಒತ್ತಿಹಿಡಿಯುವ ಕ್ಲಿಪ್ಪು) ಹಾಕಿದ್ದೇನೆ. ದಪ್ಪ ತಂತಿಯಿಂದ ಶುರುಮಾಡಿದರೆ ಡಿ-ಜಿ-ಡಿ-ಜಿ-ಬಿ-ಡಿ. ನಮ್ಮ ಲೆಕ್ಕದಲ್ಲಿ ಪ-ಸ-ಪ-ಸ-ಗ-ಪ. ಮಾಮೂಲಿ ಟ್ಯೂನಿಂಗಿನಿಂದ ಆರು (ಅತಿ ದಪ್ಪದ್ದು), ಐದು ಮತ್ತು ಒಂದನೇ (ಅತಿ ಸಪೂರದ್ದು) ತಂತಿಯನ್ನು ಎರಡೆರಡು ಮನೆ (ಫ್ರೆಟ್) ಇಳಿಸಿದರೆ ಮುಗಿಯಿತು. ಸುಮ್ನೆ ಬೆರಳಾಡಿಸಿದರೂ ಕಿವಿ ತುಂಬುತ್ತದೆ.

ತೊಂದರೆ ಎರಡನೇ ತಂತಿಯದು. ಮೊದಲ ದೇವರನಾಮ ಮೋಹನ ರಾಗದಲ್ಲಿದೆ. ಬೆರಳಿಡದೆ ಬಿಟ್ಟ ತಂತಿಯ ಗಾಂಧಾರ ಅದಕ್ಕೆ ಚೆನ್ನಾಗಿ ಕೂರುತ್ತದೆ. ಎರಡನೆಯದು ಆಭೇರಿ. ಅಲ್ಲಿ ಅತ್ತಿಗೆ ಸಾಧಾರಣ ಗಾಂಧಾರ ಹಿಡಿಯುತ್ತಾರೆ, ನನ್ನ ತಂತಿ ಒಂದು ಮನೆ ಮೇಲಿನ ಅಂತರ ಗಾಂಧಾರ ಅಂತ ಕೂಗುತ್ತದೆ. ಅವರು ಹಾಡು ನಿಲ್ಲಿಸಿ ನನ್ನ ಮುಖ ನೋಡುತ್ತಾರೆ. ಮೂರನೆಯದು ಮಾಯಾಮಾಳವಗೌಳ. ಅಲ್ಲಿ ಮತ್ತೆ ಅಂತರ ಗಾಂಧಾರವೇ ಬೇಕು. ಹಾಡಿನ ಮಧ್ಯೆ ಬಿರಡೆ ತಿರುಗಿಸುತ್ತಾ ಕೂರಲು ಪುರುಸೊತ್ತಿಲ್ಲ. ಜೊತೆಗೆ ಆರನೇ ತಂತಿ ಜರ್ರ್ ಅನ್ನುತ್ತದೆ. ತಂತಿ 12-53 ಸೆಟ್ (ದಪ್ಪ, ಇಂಚಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ). ಏನು ಮಾಡಬಹುದು?

ಆರುತಂತಿ:

ಓಪನ್ ಜಿ ಬಿಡಿ ಸರ್, ಡಿ-ಎ-ಡಿ-ಜಿ-ಎ-ಡಿ ಮಾಡಿಕೊಳ್ಳಿ. ಅದರಲ್ಲಿ ಗಾಂಧಾರವೇ ಇಲ್ಲ. 1960ರ ದಶಕದಲ್ಲಿ ಬ್ರಿಟನ್ನಿನ ಗಿಟಾರ್ ವಾದಕ ಡೇವಿ ಗ್ರಹಾಂ ಇದನ್ನು ಪ್ರಚಾರಕ್ಕೆ ತಂದರು. ಮೊರಾಕ್ಕೋದಲ್ಲಿ ಊದ್ ವಾದ್ಯದ ಜೊತೆ ಹೊಂದಿಸಿ ನುಡಿಸುವುದು ಅವರಿಗೆ ಬೇಕಿತ್ತು. ಅಲ್ಲೂ ಕಾರ್ಡ್ ಬದಲಾಯಿಸುವ ಸಂಗೀತ ಅಲ್ಲ, ಒಂದೇ ಆಧಾರದ ಮೇಲೆ ಸ್ವರ ನಡೆಸುವುದು. ನಿಮ್ಮದೂ ಅದೇ ಕೇಸು ಅಲ್ವಾ?

ಹಳೇಬಿರಡೆ:

ಆರುತಂತಿಯವರು ಹೇಳಿದ ಕಥೆ ಸರಿ, ಮದ್ದು ಇಲ್ಲಿಗೆ ಹೊಂದುವುದಿಲ್ಲ. ಆ ಟ್ಯೂನಿಂಗಿನಲ್ಲಿ ಷಡ್ಜ ಡಿ. ಐದೂವರೆಗೆ ಬರಬೇಕೆಂದರೆ ಕೇಪೋ ಆರನೇ ಫ್ರೆಟ್ಟಿಗೆ ಹೋಗಬೇಕು. ಗಿಟಾರ್ ಹೋಗಿ ಮ್ಯಾಂಡೊಲಿನ್ ಆಗುತ್ತದೆ, ಕೆಳಗಿನ ಗುಂಗೇ ಇರುವುದಿಲ್ಲ. ಇನ್ನೊಂದು, ಮೂರನೇ ತಂತಿ ಜಿ, ಅಂದರೆ ಮಧ್ಯಮ. ಮೋಹನದಲ್ಲಿ ಮಧ್ಯಮವೇ ಇಲ್ಲ. ಅತ್ತಿಗೆಯವರು ಮೊದಲ ಹಾಡಿಗೇ ಎದ್ದು ಹೋಗುತ್ತಾರೆ.

ಓಪನ್ ಟ್ಯೂನಿಂಗ್ ಅಂದ ತಕ್ಷಣ ಎಲ್ಲರೂ ಯಾವ ಕಾರ್ಡ್ ಬರುತ್ತದೆ ಅಂತ ನೋಡುತ್ತಾರೆ. ಹಾಡಿಗೆ ಶ್ರುತಿ ಕೊಡುವವನು ನೋಡಬೇಕಾದ್ದು ಬೇರೆ. ಬಿಟ್ಟ ತಂತಿ ಹಾಡಿನ ಉದ್ದಕ್ಕೂ ಮೊಳಗುತ್ತಲೇ ಇರುತ್ತದೆ. ಆ ಸ್ವರ ರಾಗದಲ್ಲಿ ಇರಬೇಕು, ಇದ್ದರೂ ಸಾಲದು, ಸದಾ ಕೇಳಿದರೂ ತಡೆಯುವಂತಿರಬೇಕು.

ಈಗ ನಿಮ್ಮ ಎರಡನೇ ತಂತಿಗೆ ಬನ್ನಿ. ಅದು ಬಿ ಆಗಿದ್ದರೆ ಆಭೇರಿ ಕೆಡುತ್ತದೆ. ಬಿ ಫ್ಲಾಟ್‌ಗೆ ಇಳಿಸಿದರೆ ಆಭೇರಿ ಸರಿ, ಉಳಿದೆರಡೂ ಹೋದವು. ಎ ಮಾಡಿದರೆ ಚತುಶ್ರುತಿ ರಿಷಭ. ಒಂದನೇ ಮನೆಯಲ್ಲಿ ಸಾಧಾರಣ ಗಾಂಧಾರ, ಎರಡನೇ ಮನೆಯಲ್ಲಿ ಅಂತರ ಗಾಂಧಾರ, ಎರಡೂ ಬೆರಳಿಗೆ ಸಿಗುತ್ತವೆ. ಬುದ್ಧಿವಂತಿಕೆಯ ಟ್ಯೂನಿಂಗೇ ಸರಿ, ನನಗೂ ಇಷ್ಟ. ಆದರೆ ಮಾಯಾಮಾಳವಗೌಳದಲ್ಲಿ ಇರುವುದು ಶುದ್ಧ ರಿಷಭ, ಅದರ ಪಕ್ಕದಲ್ಲಿ ಇದು ಉರಿ ಹಚ್ಚುತ್ತದೆ. ಸಿ ಮಾಡಿದರೆ ಮಧ್ಯಮ, ಮತ್ತೆ ಮೋಹನಕ್ಕೆ ಆಗದು. ಉಳಿಯುವುದು ಡಿ, ಪಂಚಮ. ಷಡ್ಜ ಬಿಟ್ಟರೆ ಮೂರೂ ರಾಗಕ್ಕೆ ಸಲ್ಲುವ ಸ್ವರ ಅದೊಂದೇ.

ಹಾಗಂತ ಇರುವ ತಂತಿಯನ್ನೇ ಎಳೆದು ಡಿಗೆ ಏರಿಸಬೇಡಿ. ಮೂರು ಮನೆ ಏರಿಸಿದರೆ ಬಿಗಿ ಶೇಕಡಾ 41ರಷ್ಟು ಜಾಸ್ತಿ ಆಗುತ್ತದೆ. ತಂತಿ ಕಿತ್ತು ಮುಖಕ್ಕೆ ಬಡಿದೀತು. ನಿಮ್ಮ ಸೆಟ್ಟಿನಲ್ಲಿ ಎರಡನೆಯದು 16ರ ತಂತಿ. ಅದನ್ನು ತೆಗೆದು ಅಲ್ಲೂ ಒಂದು 12ರ ತಂತಿ ಹಾಕಿ. ಮೊದಲನೇ ತಂತಿ ಬಿಡಿಯಾಗಿ ಅಂಗಡಿಯಲ್ಲಿ ಸಿಗುತ್ತದೆ. ನಟ್‌ನ (ಕತ್ತಿನ ತುದಿಯಲ್ಲಿ ತಂತಿ ಕೂರುವ ಪಟ್ಟಿ) ತೋಡು ಅದಕ್ಕೆ ಸ್ವಲ್ಪ ಸಡಿಲ ಆದೀತು, ಯೋಚನೆ ಬೇಡ. ನೀವು ಹೇಗೂ ಕೇಪೋ ಹಾಕುತ್ತೀರಿ, ತಂತಿ ಕೂರುವುದು ಫ್ರೆಟ್ಟಿನ ಮೇಲೆ. ಒಂದು ಮತ್ತು ಎರಡು ಒಂದೇ ಸ್ವರದಲ್ಲಿ ಜೋಡಿಯಾಗುತ್ತವೆ. ತಂಬೂರಿಯಲ್ಲೂ ನಡುವಿನ ಎರಡು ತಂತಿ ಒಂದೇ ಷಡ್ಜ ತಾನೇ?

ಜರ್ರ್ ಅನ್ನುವುದಕ್ಕೆ ಕಾರಣ ಸಡಿಲ. ಎರಡು ಮನೆ ಇಳಿಸಿದ ತಂತಿಯ ಬಿಗಿ ಶೇಕಡಾ 20ರಷ್ಟು ಕಡಿಮೆ ಆಗುತ್ತದೆ. ಅಲುಗಾಟ ಅಗಲವಾಗಿ ಫ್ರೆಟ್ಟಿಗೆ ತಾಗುತ್ತದೆ. 53ರ ಬದಲು 56 ಹಾಕಿ. ಟ್ರಸ್ ರಾಡ್ (ಕತ್ತಿನೊಳಗಿನ ಲೋಹದ ಸರಳು) ಮುಟ್ಟಲು ಹೋಗಬೇಡಿ, ಹಬ್ಬಕ್ಕೆ ಮುಂಚೆ ಅದು ಬೇಡ.

ಸ್ಲೈಡ್_ಸುಖ:

ನಡುವೆ ಒಂದು ಮಾತು. ರೋಲಿಂಗ್ ಸ್ಟೋನ್ಸ್‌ನ ಕೀತ್ ರಿಚರ್ಡ್ಸ್ ಓಪನ್ ಜಿ ನುಡಿಸುವಾಗ ಆರನೇ ತಂತಿಯನ್ನೇ ಕಿತ್ತುಹಾಕುತ್ತಾರೆ. ರಾಕ್ ಹಾಡಿಗೆ ಷಡ್ಜಕ್ಕಿಂತ ಕೆಳಗಿನ ಪಂಚಮ ಅಡ್ಡಿ. ನೀವು ಕೀಳಬೇಡಿ ಸರ್. ನಮ್ಮ ಸಂಗೀತಕ್ಕೆ ಮಂದ್ರ ಪಂಚಮ ಬೇಕೇ ಬೇಕು.

ನಾನು ಗಿಟಾರ್ ಮಡಿಲಲ್ಲಿ ಮಲಗಿಸಿ, ತಂತಿ ಮೇಲೆ ಸರಳು ಜಾರಿಸಿ ಸ್ಲೈಡ್ ನುಡಿಸುವವನು. ಹಿಂದೂಸ್ತಾನಿ ಸ್ಲೈಡ್ ಗಿಟಾರ್ ವಾದಕ ಬ್ರಿಜ್‌ಭೂಷಣ್ ಕಾಬ್ರಾ ಅವರನ್ನು ಕೇಳಿ ಹುಚ್ಚು ಹಿಡಿದದ್ದು. ಆ ಅಭ್ಯಾಸದಿಂದ ಹೇಳುತ್ತೇನೆ, ಟ್ಯೂನರ್‌ನ ಹಸಿರು ದೀಪ ನಂಬಿ ಗಾಂಧಾರ ಕೂಡಿಸಬೇಡಿ. ಟ್ಯೂನರ್‌ನ ಗಾಂಧಾರ ನಮ್ಮ ಕಿವಿಯ ಗಾಂಧಾರಕ್ಕಿಂತ 14 ಸೆಂಟ್ (ಒಂದು ಮನೆಯ ನೂರರಲ್ಲಿ 14 ಪಾಲು) ಮೇಲಿದೆ. ಪಂಚಮದಲ್ಲಿ ವ್ಯತ್ಯಾಸ ಬರೀ 2 ಸೆಂಟ್. ಎರಡನೇ ತಂತಿಯೂ ಪಂಚಮ ಆದರೆ ಆ ರಗಳೆಯೇ ಇಲ್ಲ.

ಮೈಸೂರ್_ಮೈದುನ:

ಹಳೇಬಿರಡೆ ಸರ್, ಅಂಗಡಿಗೆ ಹೋಗಿ 12ರ ತಂತಿ ತಂದು ಹಾಕಿದೆ. ಪ-ಸ-ಪ-ಸ-ಪ-ಪ. ಅತ್ತಿಗೆ ಮೂರೂ ಹಾಡು ನಿಲ್ಲಿಸದೆ ಹಾಡಿದರು. "ಇದು ಗಿಟಾರ್ ತರಹವೇ ಇಲ್ಲ" ಅಂದರು, ಅವರ ಬಾಯಲ್ಲಿ ಅದು ಹೊಗಳಿಕೆ. ಕೇಪೋ ಹಾಕಿದ ಮೇಲೆ ಎಲ್ಲಾ ತಂತಿ ಕೂದಲೆಳೆಯಷ್ಟು ಏರುತ್ತಿದ್ದವು, ಹಾಕಿದ ಮೇಲೇ ಮತ್ತೊಮ್ಮೆ ಕೂಡಿಸಿದೆ. 56 ಇನ್ನೂ ಸಿಕ್ಕಿಲ್ಲ, ಸದ್ಯಕ್ಕೆ ಆರನೆಯದನ್ನು ಮೆಲ್ಲಗೆ ಮೀಟುತ್ತಿದ್ದೇನೆ.

ಈಗ ಹೊಸ ತಲೆನೋವು. ಕೊನೆಗೆ ಒಂದು ಹಿಂದೋಳ ಸೇರಿಸುತ್ತೇನೆ ಅಂತಿದ್ದಾರೆ. ಅದರಲ್ಲಿ ಪಂಚಮವೇ ಇಲ್ಲವಲ್ಲ!

ಹಳೇಬಿರಡೆ:

ಅತ್ತಿಗೆಯವರು ಬೇಕೆಂದೇ ಆರಿಸಿದಂತಿದೆ!

ಬಿರಡೆ ಮುಟ್ಟಬೇಡಿ. ಐದನೇ ಮತ್ತು ಮೂರನೇ ತಂತಿ ಷಡ್ಜ, ಆ ಎರಡನ್ನು ಮಾತ್ರ ಮೀಟಿ. ಮಧ್ಯಮ ಬೇಕೆಂದಾಗ ಮೂರನೇ ತಂತಿಯಲ್ಲಿ ಕೇಪೋದಿಂದ ಐದನೇ ಮನೆ ಒತ್ತಿ. ಆದರೆ ಮೀಟದೆ ಬಿಟ್ಟ ಮಾತ್ರಕ್ಕೆ ಪಂಚಮದ ತಂತಿಗಳು ಸುಮ್ಮನಿರುವುದಿಲ್ಲ. ಮಂದ್ರ ಷಡ್ಜದ ಮೂರು ಪಟ್ಟು ಕಂಪನ ಅಂದರೆ ಸರಿಯಾಗಿ ನಿಮ್ಮ ಒಂದು ಮತ್ತು ಎರಡನೇ ತಂತಿಯ ಸ್ವರ. ಐದನೆಯದನ್ನು ಮೀಟಿದಾಗಲೆಲ್ಲ ಅವು ತಾವಾಗಿ ಝೇಂಕರಿಸುತ್ತವೆ. ಉಂಗುರದ ಬೆರಳನ್ನು ಆ ಎರಡರ ಮೇಲೆ ಇಟ್ಟುಕೊಂಡೇ ನುಡಿಸಿ. ಆರು ಮತ್ತು ನಾಲ್ಕಕ್ಕೆ ಬ್ರಿಡ್ಜ್ ಹತ್ತಿರ ಒಂದು ಚೂರು ಬಟ್ಟೆ ತುರುಕಿ. ಹಿಂದೋಳವನ್ನು ಕೊನೆಗೇ ಇಟ್ಟುಕೊಳ್ಳಲು ಹೇಳಿ, ಬಟ್ಟೆ ಮತ್ತೆ ತೆಗೆಯುವ ಕೆಲಸ ತಪ್ಪುತ್ತದೆ.